ಸೊನ್ನೆ ನುಂಗುವ ಸ್ಟ್ರಿಂಗು

ಕರಾವಳಿಯ ಗುಲ್ವಾಡಿಯಲ್ಲಿ ಗದ್ದೆಯೊಂದರ ವಿಸ್ತೀರ್ಣ 1.10 ಅಂದರೆ ಒಂದು ಎಕರೆ ಹತ್ತು ಸೆಂಟ್ಸ್. ಅದೇ 1.10 ಘಟ್ಟ ಹತ್ತಿ ಶಿವಮೊಗ್ಗದ ಕಡೆ ಹೋದರೆ ಒಂದು ಎಕರೆ ಹತ್ತು ಗುಂಟೆ; ಎಕರೆಗೆ 40 ಗುಂಟೆಯಂತೆ ಒಂದೂಕಾಲು ಎಕರೆ. ಇದನ್ನು ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ಗೆ ಸಂಖ್ಯೆಯೆಂದು ಕೊಟ್ಟು ಮತ್ತೆ ಸ್ಟ್ರಿಂಗ್ (ಪಠ್ಯ) ಮಾಡಿಸಿದರೆ ಸಿಗುವುದು 1.1. ಸೆಂಟ್ಸ್ ಎಕರೆಯ ದಶಮಾಂಶವೇ ಆದ್ದರಿಂದ ಕರಾವಳಿಯಲ್ಲಿ ಲೆಕ್ಕವೇನೂ ಕೆಡದು, ಓದುವವರು ಒಂದು ಸೆಂಟ್ಸ್ ಅಂದುಕೊಂಡಾರು ಅಷ್ಟೇ. ಘಟ್ಟದ ಮೇಲಾದರೆ ಒಂಬತ್ತು ಗುಂಟೆ ಹೋಯಿತು.

ಇದಕ್ಕೆ ಪೈಥಾನನ್ನು ಬೈಯುವುದು ನ್ಯಾಯವಲ್ಲ. ಎಕರೆ–ಗುಂಟೆ ಬರಹ ದಶಮಾಂಶದಂತೆ ಕಾಣುತ್ತದೆ, ದಶಮಾಂಶವಲ್ಲ. ನಿಜವಾದ ಸಂಖ್ಯೆಗಳ ವಿಷಯದಲ್ಲಿ ಪೈಥಾನ್ ನಂಬಿಗಸ್ತ: 2009ರ 3.1 ಆವೃತ್ತಿಯಿಂದ ಈಚೆಗೆ, ತಿರುಗಿ ಓದಿದರೆ ಅದೇ ಬೆಲೆ ಸಿಗುವಂಥ ಅತಿ ಚಿಕ್ಕ ಬರಹವನ್ನೇ ಕೊಡುತ್ತದೆ. 0.1ಕ್ಕೆ 0.2 ಕೂಡಿಸಿದಾಗ 0.30000000000000004 ಎಂದು ಬರುವುದು ಹೊಸಬರಿಗೆ ಕಿರಿಕಿರಿ. ನನಗೆ ಅದು ಪ್ರಾಮಾಣಿಕತೆ. ಅಕ್ಷರಕ್ಕೆ ಅಂಕಿ ಕೂಡಿಸಹೋದರೆ ಪೈಥಾನ್ ಒಪ್ಪುವುದೇ ಇಲ್ಲ, ಅದೂ ಸರಿಯೇ.

ಲೆಕ್ಕದ ಇನ್ನೊಂದು ತಂತ್ರಾಂಶ ಮ್ಯಾಟ್‌ಲ್ಯಾಬಿನ ಧಾರಾಳತನ ಮಾತ್ರ ನನಗೆ ಒಗ್ಗದು. ಅಕ್ಷರಗಳ ಸಾಲಿಗೆ ಚೌಕ ಆವರಣದಲ್ಲಿ 65 ಸೇರಿಸಿದರೆ ಚಕಾರವೆತ್ತದೆ ಇಂಗ್ಲಿಷಿನ ‘ಎ’ ಅಕ್ಷರ ಕೂರಿಸುತ್ತದೆ. ಸಂಖ್ಯೆಯನ್ನು ಪಠ್ಯವಾಗಿಸುವ ಅದರ ಹಳೆಯ ಫಂಕ್ಷನ್, ಏನೂ ಹೇಳದಿದ್ದರೆ, ಪೈ ಬೆಲೆಯನ್ನು 3.1416ಕ್ಕೆ ನಿಲ್ಲಿಸುತ್ತದೆ. ಗ್ರಾಫಿನ ತಲೆಬರಹಕ್ಕೆ ಇದು ಧಾರಾಳ ಸಾಕು. ಫೈಲಿಗೆ ಬರೆದು ನಾಳೆ ಅದನ್ನೇ ಓದಿ ಲೆಕ್ಕ ಮುಂದುವರಿಸಿದರೆ ಏನಾಗುತ್ತದೆ ಎಂಬುದಕ್ಕೆ 1961ರಲ್ಲೇ ಉತ್ತರ ಸಿಕ್ಕಿದೆ. ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಝ್ ಯಂತ್ರದೊಳಗಿದ್ದ 0.506127ರ ಬದಲು ಕಾಗದದ ಮೇಲೆ ಅಚ್ಚಾಗಿದ್ದ 0.506 ಕೊಟ್ಟು ಲೆಕ್ಕ ಮತ್ತೆ ಓಡಿಸಿದರು. ಹವಾಮಾನ ಬೇರೆಯೇ ದಾರಿ ಹಿಡಿಯಿತು.

ಎಕ್ಸೆಲ್‌ನದು ಇದಕ್ಕಿಂತ ದೊಡ್ಡ ಅಪರಾಧ. ಸರ್ವೆ ನಂಬರ್ 12/1 ಹಾಕಿ ನೋಡಿ, ತಾರೀಖು ಮೊದಲು ಬರೆಯುವ ಸೆಟ್ಟಿಂಗಿದ್ದರೆ ಜನವರಿ 12 ಆಗಿ ಕೂರುತ್ತದೆ. ಈ ಚಾಳಿಯಿಂದ ಬೇಸತ್ತು ಮನುಷ್ಯರ ಜೀನುಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ‘ಮಾರ್ಚ್1’ನಂಥ ಹೆಸರುಗಳನ್ನೇ ಬದಲಿಸಿದ್ದನ್ನು ಪ್ರಕಟಿಸಿತು. ಜೀನಿನ ಹೆಸರು ಬದಲಾದೀತು, ಸರ್ವೆ ನಂಬರು ಬದಲಾಗದು.

ಹಾಗಾಗಿ ಜಮೀನಿನ ದತ್ತಾಂಶ ಹಿಡಿದು ಕೂರುವ ಸಂಶೋಧಕರೇ, ಸರ್ವೆ ನಂಬರ್, ವಿಸ್ತೀರ್ಣ ಎರಡೂ ಕಾಲಂಗಳನ್ನು ಫೈಲು ಓದಿಸುವಾಗಲೇ ಪಠ್ಯವೆಂದು ಹೇಳಿಬಿಡಿ. ಎಕರೆ, ಗುಂಟೆ ಬೇರ್ಪಡಿಸಿದ ಮೇಲೆ ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಕೂಡಿಸಿಕೊಳ್ಳಿ.