ಥರ್ಮೋಸ್ಟಾಟ್ ಕಿತ್ತವರ ತಕರಾರು

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಹೀಟರ್ ಹೆಸರಿಗೆ ಮಾತ್ರ ಎನ್ನುವುದು ಒಂದು. ನಮ್ಮ ಸೆಖೆಗೆ ಥರ್ಮೋಸ್ಟಾಟ್ ಬೇಡ, ಕಿತ್ತುಹಾಕಿ ಎನ್ನುವುದು ಇನ್ನೊಂದು. ಎರಡನೆಯದನ್ನು ಪಾಲಿಸಿದವರ ಕಾರಿನಲ್ಲಿ ಮೊದಲನೆಯದು ತಾನಾಗಿಯೇ ನಿಜವಾಗುತ್ತದೆ ಎಂಬುದು ನನ್ನ ವಾದ.

1962ರಲ್ಲಿ ಬಂದ, ಎಂಜಿ ಕಂಪನಿಯ ಎಂಜಿಬಿ ಕಾರನ್ನೇ ನೋಡೋಣ. ಅದರ 1798 ಸಿಸಿ ಎಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿಎಂಸಿ) ಬಿ-ಸೀರೀಸ್. ನಮ್ಮ ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಅದೇ ಮನೆತನದ್ದು. (ಥರ್ಮೋಸ್ಟಾಟ್ ಕೀಳುವ ವಿದ್ಯೆ ನಮ್ಮ ಗ್ಯಾರೇಜುಗಳಿಗೆ ಹೊಸದೇನಲ್ಲ.) ವಾಟರ್ ಪಂಪ್ ಎಂಜಿನ್ನಿನ ಮುಂದೆ, ನೀರು ಕಾದಾಗ ರೇಡಿಯೇಟರಿಗೆ ದಾರಿ ತೆರೆಯುವ ಥರ್ಮೋಸ್ಟಾಟೂ ಸಿಲಿಂಡರ್ ಹೆಡ್ಡಿನ ಮುಂದೆ. ಹೀಟರ್ ವಾಲ್ವ್ ಮಾತ್ರ ಹೆಡ್ಡಿನ ಹಿಂತುದಿಯಲ್ಲಿ, ನಾಲ್ಕನೇ ಸಿಲಿಂಡರಿನ ಬಳಿ. ಅಲ್ಲಿಂದ ಹೊರಟ ಬಿಸಿನೀರು ಹೀಟರಿನ ಪುಟ್ಟ ರೇಡಿಯೇಟರನ್ನು ಹಾದು ದೊಡ್ಡ ರೇಡಿಯೇಟರಿನ ಕೆಳಗಿನ ಹೋಸಿಗೆ, ಅಂದರೆ ಪಂಪ್ ಎಳೆದುಕೊಳ್ಳುವ ಕಡೆಗೆ, ಮರಳುತ್ತದೆ.

ಈ ನೀರನ್ನು ಓಡಿಸುವುದು ಹೆಡ್ಡಿಗೂ ಪಂಪಿನ ಎಳೆತಕ್ಕೂ ನಡುವಿನ ಒತ್ತಡದ ವ್ಯತ್ಯಾಸ. ಥರ್ಮೋಸ್ಟಾಟ್ ಪೂರ್ತಿ ತೆರೆದಾಗಲೂ ಕಿರಿದಾದ ಕುತ್ತಿಗೆಯೇ. ಹೆಡ್ಡಿನೊಳಗೆ ಒತ್ತಡ ಉಳಿಸುವ ಕೆಲಸ ಅದರದು. ಅದನ್ನು ಕಿತ್ತರೆ ನೀರು ಮುಂದಿನಿಂದ ಸಲೀಸಾಗಿ ಜಾರಿಹೋಗುತ್ತದೆ, ಹೀಟರಿನ ಕಡೆಗೆ ತಳ್ಳುವ ಬಲ ಕುಗ್ಗುತ್ತದೆ. ಒತ್ತಡ ಇಳಿದ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವಿನ ಸುತ್ತ ಲೋಹ ಕಾದ ಕಡೆ, ಆವಿಯ ಗುಳ್ಳೆ ಏಳುವುದೂ ಸುಲಭ.

‘ಆದರೆ ಗೇಜಿನ ಮುಳ್ಳು ಕೆಳಗಿಳಿಯಿತಲ್ಲ?’ ಎನ್ನುತ್ತಾರೆ. ಖಾಲಿ ರಸ್ತೆಯಲ್ಲಿ ಇಳಿಯುತ್ತದೆ, ಒಪ್ಪುತ್ತೇನೆ. ಥರ್ಮೋಸ್ಟಾಟ್ ನಿಗದಿ ಮಾಡುವುದು ಕೆಳಮಿತಿಯನ್ನು: ಬಿಸಿ ಸೀಮೆಗೆ 74 ಡಿಗ್ರಿ, ಸಾಮಾನ್ಯಕ್ಕೆ 82, ಚಳಿಗೆ 88. ಮೇಲ್ಮಿತಿ ರೇಡಿಯೇಟರ್ ಮತ್ತು ಫ್ಯಾನಿನ ಹೊಣೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಥರ್ಮೋಸ್ಟಾಟ್ ಇಲ್ಲದ್ದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಇನ್ನು ಗೇಜಿನ ಬಲ್ಬ್ ಕೂತಿರುವುದು ಹೆಡ್ಡಿನ ಮುಂಭಾಗದಲ್ಲಿ. ನಾಲ್ಕನೇ ಸಿಲಿಂಡರಿನ ಪಾಡು ಅದಕ್ಕೆ ತಿಳಿಯದು.

ನನ್ನ ಪಕ್ಷದವರನ್ನೂ ಬಿಡಲಾರೆ. ‘ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ವೇಗವಾಗಿ ಹರಿದು, ರೇಡಿಯೇಟರಿನಲ್ಲಿ ತಣಿಯಲು ಸಮಯ ಸಿಗದು’ ಎಂಬ ಅವರ ವಿವರಣೆ ಶುದ್ಧ ತಪ್ಪು. ಹರಿವು ಹೆಚ್ಚಿದಷ್ಟಕ್ಕೆ ರೇಡಿಯೇಟರ್ ಬಿಟ್ಟುಕೊಡುವ ಶಾಖ ಕಡಿಮೆಯಾಗುವುದಿಲ್ಲ. ಸರಿಯಾದ ತೀರ್ಮಾನಕ್ಕೂ ಕೆಟ್ಟ ತರ್ಕ ಕೆಟ್ಟದ್ದೇ. ರೇಸಿನವರನ್ನು ನೋಡಿ: ಥರ್ಮೋಸ್ಟಾಟ್ ತೆಗೆದರೆ ಆ ಜಾಗಕ್ಕೆ ಬ್ಲ್ಯಾಂಕಿಂಗ್ ಸ್ಲೀವ್ ಎಂಬ ಬಳೆ ಕೂರಿಸಿ ಕಿರಿದಾದ ದಾರಿಯನ್ನು ಉಳಿಸಿಕೊಳ್ಳುತ್ತಾರೆ. ಅವರಿಂದ ನಾವು ಕೀಳುವುದನ್ನು ಕಲಿತೆವು, ಬಳೆಯನ್ನು ಮರೆತೆವು.

ಎಂಜಿಯವರು ನಿರ್ದೋಷಿಗಳೇನಲ್ಲ. ಹೀಟರನ್ನು ಆರಂಭದಲ್ಲಿ ಪ್ರತ್ಯೇಕ ದುಡ್ಡಿಗೆ ಮಾರಿದರು. ವಾಲ್ವ್ ತುಕ್ಕು ಹಿಡಿದು ಬಿಗಿಯುತ್ತದೆ, ಎತ್ತರದಲ್ಲಿರುವ ಹೀಟರಿನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಇವು ವಿನ್ಯಾಸದ ಕುಂದುಗಳು. ಆದರೆ ರಿಪೇರಿಯಾಗುವ ಕುಂದುಗಳು.

ಆದ್ದರಿಂದ ಮಾಲೀಕರಲ್ಲಿ ಒಂದು ವಿನಂತಿ. ಥರ್ಮೋಸ್ಟಾಟ್ ಮತ್ತೆ ಹಾಕಿಸಿ. ಕೂಲೆಂಟ್ ತುಂಬುವಾಗ ಹೀಟರ್ ವಾಲ್ವ್ ತೆರೆದಿಡಿ. ಎಂಜಿನ್ ಬಿಸಿಯಾದ ಮೇಲೆ ಹೀಟರಿನ ಎರಡೂ ಹೋಸುಗಳನ್ನು ಹುಷಾರಾಗಿ ಮುಟ್ಟಿ ನೋಡಿ. ಒಂದು ಸುಡುತ್ತ ಇನ್ನೊಂದು ತಣ್ಣಗಿದ್ದರೆ ಒಳಗೆ ಗಾಳಿಯೋ ಕೆಸರೋ ಕಟ್ಟಿದೆ, ತೆಗೆಸಿ. ಇಷ್ಟಾದ ಮೇಲೂ ಕಾಲು ಬೆಚ್ಚಗಾಗದಿದ್ದರೆ ಎಂಜಿಯವರನ್ನು ಧಾರಾಳವಾಗಿ ಬೈಯಿರಿ.