ಗುಡಿಗೆ ಹೋಗುವ ದೀಪಗಳು

ದೀಪವನ್ನು 'ಆರಿಸಿದೆ' ಎನ್ನಲು ನಮ್ಮ ಹಿರಿಯರಿಗೆ ಮನಸ್ಸು ಬರುತ್ತಿರಲಿಲ್ಲ. 'ಶಾಂತ ಮಾಡಿದೆ' ಎನ್ನುವರು, 'ದೊಡ್ಡದು ಮಾಡಿದೆ' ಎನ್ನುವರು. ಹಾಗಾದರೆ ಶಾಂತವಾದ ದೀಪ ಎಲ್ಲಿಗೆ ಹೋಗುತ್ತದೆ? ಇದಕ್ಕೆ ಉತ್ತರ ಹೇಳುವ ಕನ್ನಡ ಜನಪದ ಕಥೆಯೊಂದುಂಟು. ಎ. ಕೆ. ರಾಮಾನುಜನ್ನರು 1991ರಲ್ಲಿ ಇಂಗ್ಲಿಷಿನಲ್ಲಿ ಹೊರತಂದ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಅದು ಸೇರಿದೆ.

ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು, ಯಾರಿಗೂ ಹೇಳಿರಲಿಲ್ಲ. ಅವಳು ಬಾಯಿ ತೆರೆದು ಮಲಗಿದ್ದಾಗ ಅವು ಹೊರಬಿದ್ದು, ಕಥೆ ಒಂದು ಜೊತೆ ಜೋಡಾಯಿತು, ಹಾಡು ಗಂಡಸಿನ ಕೋಟಾಯಿತು. ಯಾರವಿವು ಎಂದು ಗಂಡ ಕೇಳಿದ, ಅವಳಿಗೆ ತಿಳಿಯದು. ಜಗಳವಾಡಿ ಅವನು ಕಂಬಳಿ ಹೊತ್ತು ಹನುಮಂತನ ಗುಡಿಗೆ ಮಲಗಹೋದ. ಊರಿನ ದೀಪಗಳೆಲ್ಲ ಆರಿಸಿದ ಮೇಲೆ ಅಲ್ಲಿಗೇ ಬಂದು ಹರಟುತ್ತಿದ್ದವು. ಅವನ ಮನೆಯ ದೀಪ ತಡವಾಗಿ ಬಂದು ಕಾರಣ ಹೇಳಿತು. ಗಂಡನ ಸಂಶಯ ಹರಿಯಿತು.

ನವಲಗುಂದ, ಕುಂದಗೋಳದ ಕಡೆಯ ಹಳ್ಳಿಗಳನ್ನು ಬಲ್ಲವರಿಗೆ ಈ ಗುಡಿ ಅಪರಿಚಿತವಲ್ಲ. ಹಗಲು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಗಂಡಸರು ಊರ ಸುದ್ದಿ ಆಡುತ್ತಾರೆ. ಅದೇ ಹರಟೆಯನ್ನು ಕಥೆಗಾರ ರಾತ್ರಿ ಮನೆಯೊಳಗಿನ ದೀಪಗಳಿಗೆ ಒಪ್ಪಿಸಿದ್ದಾನೆ.

ಈ ದೀಪದ ಅರ್ಥವೇನು? ಅಗ್ನಿಸಾಕ್ಷಿ ಎನ್ನಬಹುದು, ಆತ್ಮಜ್ಯೋತಿ ಎನ್ನಬಹುದು. ಎರಡೂ ನನಗೆ ಒಪ್ಪಿಗೆಯಾಗವು. ಸಾಕ್ಷಿಯಾದವನು ಕರೆದರೆ ಬಂದು ನುಡಿಯುತ್ತಾನೆ. ಈ ದೀಪವನ್ನು ಯಾರೂ ಕರೆಯಲಿಲ್ಲ. ಅದು ಗೆಳತಿಯರೊಡನೆ ಸುಮ್ಮನೆ ಹರಟಿತು, ಅಷ್ಟೆ. ಹೆಂಡತಿಯ ಮಗ್ಗುಲಲ್ಲೇ ಬಾಳಿದ ಗಂಡನಿಗೆ ತಿಳಿಯದ ಸಂಗತಿ ಮೂಲೆಯ ದೀಪಕ್ಕೆ ತಿಳಿದಿತ್ತು. ಅದನ್ನು ಕೇಳಲು ಅವನು ಮನೆಬಿಟ್ಟು ಹೋಗಬೇಕಾಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಇಲ್ಲಿ ಕಥೆಯಾಗಿದೆ. ಮನೆಯೊಳಗೆ ಹೆಣ್ಣು ಆಡದೆ ಉಳಿಸಿದ ಮಾತನ್ನು ಬಲ್ಲ ಏಕೈಕ ಜೀವವೇ ಈ ದೀಪ ಎಂದು ನಾನು ತಿಳಿಯುತ್ತೇನೆ.

ಧಾರವಾಡದಲ್ಲಿ ಓದಿದ ಗಿರೀಶ ಕಾರ್ನಾಡರು 'ನಾಗಮಂಡಲ' ನಾಟಕದ (1988) ಮೊದಲಲ್ಲಿ ಈ ದೀಪಗಳನ್ನು ತಂದಿದ್ದಾರೆ. ಅಲ್ಲಿ ಗುಡಿ ಪಾಳುಬಿದ್ದಿದೆ, ಮೂರ್ತಿ ಭಗ್ನವಾಗಿದೆ, ದೀಪಗಳು ಹೆಂಗಸರ ದನಿಯಲ್ಲಿ ಮಾತಾಡುತ್ತವೆ. ಮುಖ್ಯವಾದ ಬದಲಾವಣೆ ಇನ್ನೊಂದು: ಕಥೆ ಜೋಡಾಗದೆ ತರುಣಿಯಾಗುತ್ತದೆ, ಹಾಡು ಅವಳ ಸೀರೆಯಾಗುತ್ತದೆ. ಜನಪದದಲ್ಲಿ ಗಂಡಸಿನ ಉಡುಪು ತೊಟ್ಟು ಹೆಣ್ಣಿಗೆ ಅಪವಾದ ತಂದ ಕಥೆ ಇಲ್ಲಿ ತಾನೇ ಹೆಣ್ಣಾಗಿ ಬಾಯಿಬಿಡುತ್ತದೆ. ಇದು ಬರಿಯ ರಂಗತಂತ್ರವಲ್ಲ. ಮೂಲಕಥೆಗೆ ಕೊಟ್ಟ ಒಂದು ಮರುನುಡಿ.

ಆದರೂ ನನ್ನನ್ನು ಹೆಚ್ಚು ಕಾಡುವುದು ಮೂಲದ ಕೊನೆಯೇ. ಗಂಡ ಮನೆಗೆ ಬಂದು ಆ ಕಥೆ, ಆ ಹಾಡು ಯಾವುವೆಂದು ಕೇಳುತ್ತಾನೆ. ಯಾವ ಕಥೆ, ಯಾವ ಹಾಡು, ಎನ್ನುತ್ತಾಳೆ ಅವಳು. ಅವು ಮರೆತುಹೋಗಿವೆ. ಅವಳ ಮಾನ ಉಳಿಯಿತು, ಕಥೆ ಉಳಿಯಲಿಲ್ಲ. ಗಂಡ ಅದನ್ನು ಒಂದು ದಿನ ಮೊದಲೇ ಕೇಳಿದ್ದರೆ ದೀಪಗಳಿಗೆ ಆ ರಾತ್ರಿ ಹರಟಲು ಏನೂ ಇರುತ್ತಿರಲಿಲ್ಲ.