ಸಮಾಧಾನ ಹೇಳದ ಪುಸ್ತಕ

ನೋವಿಗೆ ಕಾರಣ ಹುಡುಕಿ ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ 1940ರಲ್ಲಿ ‘ದಿ ಪ್ರಾಬ್ಲಮ್ ಆಫ್ ಪೇನ್’ ಬರೆದರು. ಒಳ್ಳೆಯ ದೇವರ ಲೋಕದಲ್ಲಿ ಸಂಕಟವೇಕೆ ಎಂಬುದಕ್ಕೆ ಆಗ ಅವರ ಬಳಿ ಅಚ್ಚುಕಟ್ಟಾದ ತರ್ಕವಿತ್ತು. 1960ರ ಜುಲೈಯಲ್ಲಿ ಹೆಂಡತಿ ಜಾಯ್ ಡೇವಿಡ್‌ಮನ್ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಆ ತರ್ಕ ಅವರ ಕೈಹಿಡಿಯಲಿಲ್ಲ. ಮನೆಯಲ್ಲಿದ್ದ ಖಾಲಿ ನೋಟ್‌ಬುಕ್ಕುಗಳಲ್ಲಿ ಅವರು ಬರೆದಿಟ್ಟದ್ದು ಮರುವರ್ಷ ‘ಎ ಗ್ರೀಫ್ ಅಬ್ಸರ್ವ್ಡ್’ ಆಗಿ ಹೊರಬಂತು. ಲೇಖಕರ ಜಾಗದಲ್ಲಿದ್ದುದು ಎನ್. ಡಬ್ಲ್ಯೂ. ಕ್ಲರ್ಕ್ ಎಂಬ ಗುಪ್ತನಾಮ. ಲೂಯಿಸ್ 1963ರಲ್ಲಿ ತೀರಿಕೊಂಡ ಮೇಲಷ್ಟೇ ಅದು ಅವರ ಹೆಸರಿನಲ್ಲಿ ಅಚ್ಚಾಯಿತು.

ದುಃಖಕ್ಕೂ ಭಯಕ್ಕೂ ಇರುವ ನಂಟನ್ನು ಗುರುತಿಸುತ್ತಲೇ ಪುಸ್ತಕ ಆರಂಭವಾಗುತ್ತದೆ. ಲೂಯಿಸ್‌ಗೆ ದೇವರಿಲ್ಲವೇನೋ ಎಂಬ ಅನುಮಾನಕ್ಕಿಂತ, ಇರುವ ದೇವರು ಕ್ರೂರಿಯಾಗಿದ್ದರೆ ಎಂಬ ಅಂಜಿಕೆಯೇ ದೊಡ್ಡದು. ಕ್ರೈಸ್ತ ಲೇಖಕನೊಬ್ಬ ಇಷ್ಟು ದೂರ ಹೋಗಬಹುದೇ? ಬೈಬಲಿನ ಕೀರ್ತನೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆಯೇ. ಲೂಯಿಸ್‌ರ ದೂರೂ ಅದೇ ಜಾತಿಯದು. ದೇವರ ಮೇಲೆ ಸಿಟ್ಟಾದರೂ ಅವರು ಮಾತು ಬಿಡುವುದಿಲ್ಲ.

ಪುಸ್ತಕದ ನಿಜವಾದ ಗಟ್ಟಿತನ ಇರುವುದು ಅದು ಬೇಡವೆನ್ನುವ ಸಂಗತಿಗಳಲ್ಲಿ. ಸತ್ತವರು ಆಚೆ ದಡದಲ್ಲಿ ನಮಗಾಗಿ ಕಾಯುತ್ತಿದ್ದಾರೆ, ಅಲ್ಲಿ ಹಳೆಯ ಸಂಸಾರ ಹಾಗೆಯೇ ಮುಂದುವರಿಯುತ್ತದೆ ಎಂಬ ಸಾಂತ್ವನವನ್ನು ಲೂಯಿಸ್ ಒಪ್ಪುವುದಿಲ್ಲ. ನೆನಪು ನಿಜವಾದ ಹೆಂಡತಿಯನ್ನು ತಮಗೆ ಬೇಕಾದ ಬೊಂಬೆಯಾಗಿ ಬದಲಿಸುತ್ತಿದೆ ಎಂದು ಹೆದರುತ್ತಾರೆ. ದೇವರ ಬಗ್ಗೆ ಕಟ್ಟಿಕೊಂಡ ಕಲ್ಪನೆಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಮತ್ತೆ ಮತ್ತೆ ಒಡೆಯುವವನು ದೇವರೇ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅವರ ಭರವಸೆ ಮೊಳೆಯುವುದು ಅಲ್ಲಿ. ಉತ್ತರ ಸಿಗುವುದಿಲ್ಲ, ಆದರೆ ಮೌನವನ್ನು ನಿರಾಕರಣೆಯೆಂದು ಓದಬೇಕಿಲ್ಲ ಎಂಬ ಅರಿವು ಬರುತ್ತದೆ.

ಕೊರತೆಗಳೂ ಇವೆ. ನಾಲ್ಕನೆಯ ಭಾಗದಲ್ಲಿ ಶಾಂತಿ ತುಸು ಅವಸರದಲ್ಲಿ ಬಂದಂತಿದೆ. ನೋಟ್‌ಬುಕ್ ಮುಗಿದರೆ ಬರವಣಿಗೆಯೂ ಮುಗಿಯಬೇಕೆಂಬ ಅವರ ನಿರ್ಧಾರ ಇದಕ್ಕೆ ಕಾರಣವಿರಬಹುದು. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಇಲ್ಲಿ ಕ್ರೈಸ್ತ ಸಭೆಯೇ ಇಲ್ಲ. ಕ್ರೈಸ್ತ ನಂಬಿಕೆಯಲ್ಲಿ ಪುನರುತ್ಥಾನದ ಭರವಸೆ ಒಬ್ಬರದಲ್ಲ, ಕೂಡಿ ಹಾಡುವ, ಕೂಡಿ ರೊಟ್ಟಿ ಮುರಿಯುವ ಜನರದು. ಲೂಯಿಸ್‌ಗೆ ಎದುರಾಗುವ ಜನ ಏನು ಹೇಳಬೇಕೆಂದು ತೋಚದೆ ತಡವರಿಸುವವರು. ತಾಯಿಯನ್ನು ಕಳೆದುಕೊಂಡ ಜಾಯ್‌ರ ಇಬ್ಬರು ಹುಡುಗರ ದುಃಖವೂ ಪುಟಗಳ ಅಂಚಿನಲ್ಲೇ ಉಳಿಯುತ್ತದೆ.

ಇಷ್ಟಾದರೂ ಈ ಚಿಕ್ಕ ಪುಸ್ತಕ 1940ರ ಗ್ರಂಥಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹ. ಸಾವಿನ ಮನೆಗೆ ಮೊದಲ ದಿನವೇ ಇದನ್ನು ಕೊಂಡೊಯ್ಯಬೇಡಿ. ‘ಎಲ್ಲವೂ ದೇವರ ಚಿತ್ತ’ ಎಂದು ಸಮಾಧಾನ ಹೇಳಲು ಹೊರಟವರು ಮಾತ್ರ ಹೊಸ್ತಿಲು ದಾಟುವ ಮುನ್ನ ಇದನ್ನು ಓದಿಕೊಳ್ಳಲೇಬೇಕು.